ಕಟ್ಟು ಸಾಕೇ, ಪ್ಲೇಟ್ ಬೇಕೇ? ಮೂಳೆ, ಕೀಲಿನ ಪೆಟ್ಟಿಗೆ ಚಿಕಿತ್ಸೆ ಆರಿಸುವಾಗ

ಎಕ್ಸ್-ರೇ ಕೈಗೆ ಬಂದ ಕೂಡಲೇ ಮನೆಯವರೆಲ್ಲ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಮುರಿದ ತುದಿಗಳು ಜಾರಿ ಒಂದರ ಮೇಲೊಂದು ಕೂತಿದ್ದರೆ ತೀರ್ಮಾನ ಅಲ್ಲೇ ಆಗಿಹೋಗುತ್ತದೆ: ‘ಇದಕ್ಕೆ ಆಪರೇಷನ್ನೇ.’ ಗೆರೆ ಎಳೆದಂಥ ಸಣ್ಣ ಬಿರುಕಾದರೆ, ‘ಕೂದಲೆಳೆಯಷ್ಟು ಬಿಟ್ಟಿದೆ, ಕಟ್ಟು ಹಾಕಿಸಿದರೆ ಆಯಿತು.’ ಎರಡೂ ತಪ್ಪಿರಬಹುದು. ಕೊರಳೆಲುಬು ಎರಡು ತುಂಡಾಗಿ ಮೇಲೆ ಕೆಳಗೆ ಆಗಿದ್ದರೂ, ಬರೀ ಕೈಯನ್ನು ಕೊರಳಿಗೆ ತೂಗುಹಾಕುವ ಸ್ಲಿಂಗ್‌ನಲ್ಲಿ ಕೂಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದೇ ತೊಡೆಮೂಳೆಯ ಕುತ್ತಿಗೆಯಲ್ಲಿ (ಸೊಂಟದ ಕೀಲಿನ ಹತ್ತಿರದ ಸಪೂರ ಭಾಗದಲ್ಲಿ) ಕಣ್ಣಿಗೂ ಸರಿಯಾಗಿ ಕಾಣದ ಬಿರುಕಿದ್ದರೆ ಸರ್ಜನ್ ಅಂದೇ ಸ್ಕ್ರೂ ಹಾಕಲು ಹೊರಡುತ್ತಾರೆ.

ನಾನು ಫಿಸಿಯೊಥೆರಪಿಸ್ಟ್. ಸರ್ಜನ್ ಒಳಗಿನ ಮೂಳೆಯನ್ನು ಒಂದೆರಡು ಗಂಟೆ ನೋಡುತ್ತಾರೆ, ಅದೇ ಕೈಕಾಲನ್ನು ನಾನು ಆರು ತಿಂಗಳು ನೋಡುತ್ತೇನೆ. ಹಾಗಾಗಿ ನನ್ನ ತಕ್ಕಡಿಯೇ ಸ್ವಲ್ಪ ಬೇರೆ. ಯಾವ ಆಪರೇಷನ್ ಬಗ್ಗೆ ಮಾತು ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದರಿಂದ ಸಿಗುವುದು ಮೊದಲ ಆರೆಂಟು ವಾರಗಳ ಅನುಕೂಲವೋ, ಅಥವಾ ವರ್ಷ ಕಳೆದ ಮೇಲೂ ಉಳಿಯುವ ವ್ಯತ್ಯಾಸವೋ? ಮೊದಲಿನದೇ ಆದರೂ ಅದೇನು ಸಣ್ಣದಲ್ಲ. ಕೈಯನ್ನೇ ನಂಬಿ ದುಡಿಯುವವರಿಗೆ ಒಂದು ತಿಂಗಳು ಮೊದಲು ಕೈ ಸಿಕ್ಕರೆ ಬದುಕೇ ಹಗುರ. ಆದರೆ ತೆಗೆದುಕೊಳ್ಳುತ್ತಿರುವುದು ಯಾವುದನ್ನು ಅಂತ ಗೊತ್ತಿದ್ದು ತೆಗೆದುಕೊಳ್ಳಬೇಕು.

ಆಯ್ಕೆಗೆ ಜಾಗವೇ ಇಲ್ಲದ ಕೆಲವು ಪೆಟ್ಟುಗಳನ್ನು ಮೊದಲೇ ಬದಿಗಿಡುತ್ತೇನೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಆದಷ್ಟು ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೆ, ಆ್ಯಂಟಿಬಯೋಟಿಕ್ ಶುರುವಾಗಬೇಕು. ಗಾಯವನ್ನು ಆಪರೇಷನ್ ಥಿಯೇಟರಿನಲ್ಲೇ ತೊಳೆಯಬೇಕು. ಮುರಿದ ಜಾಗದ ಕೆಳಗೆ ನಾಡಿ ಸಿಗದಿದ್ದರೆ, ತಪ್ಪಿದ ಕೀಲು ಮತ್ತೆ ಕೂರದಿದ್ದರೆ ಕಾಯುವ ಮಾತೇ ಇಲ್ಲ. ಇನ್ನೊಂದು, ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು: ಸ್ನಾಯುಗಳ ಸುತ್ತಲಿನ ಪೊರೆಯೊಳಗೆ ಒತ್ತಡ ಏರಿ ರಕ್ತ ಓಡಾಟ ನಿಲ್ಲುವುದು. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ನೋವಿನ ಮಾತ್ರೆಗೆ ಜಗ್ಗದ ನೋವು, ಬೇರೆಯವರು ಬೆರಳನ್ನು ಮೆಲ್ಲಗೆ ಹಿಗ್ಗಿಸಿದರೂ ಪ್ರಾಣ ಹೋಗುವಂಥ ನೋವು ಇದರ ಗುರುತು. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಪ್ಲಾಸ್ಟರ್ ಹಾಕಿದ ರಾತ್ರಿ ಹೀಗಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಮೂಳೆಯ ಹಟ, ಕೀಲಿನ ಹಟ

ಪ್ಲೇಟು, ರಾಡು, ಪ್ಲಾಸ್ಟರು ಯಾವುದೂ ಮೂಳೆಯನ್ನು ಕೂಡಿಸುವುದಿಲ್ಲ. ಕೂಡುವುದು ಮೂಳೆಯೇ, ಅದು ಕೂಡುವ ತನಕ ಇವು ಹಿಡಿದುಕೊಂಡಿರುತ್ತವೆ, ಅಷ್ಟೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ವಾರದಲ್ಲಿ ಅಲ್ಲೊಂದು ಮೆತ್ತನೆಯ ಗಂಟು ಬೆಳೆಯುತ್ತದೆ. ಆರರಿಂದ ಹನ್ನೆರಡು ವಾರದ ಹೊತ್ತಿಗೆ ಆ ಗಂಟು ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಕೆತ್ತಿ ತೀಡಿ ಮೊದಲಿನ ಆಕಾರಕ್ಕೆ ತರುವ ಕೆಲಸ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಈ ಗಂಟಿಗೆ ಕ್ಯಾಲಸ್ ಅಂತ ಹೆಸರು. ಇದು ಬೆಳೆಯಲು ಒಂಚೂರು ಅಲುಗಾಟ ಬೇಕು; ಜಾಸ್ತಿಯಾದರೆ ಕೂಡುವುದೇ ಇಲ್ಲ. ಪ್ಲಾಸ್ಟರ್, ಮೂಳೆಯ ಒಳಗಿನ ರಾಡ್, ಹೊರಗಿನ ಚೌಕಟ್ಟು ಇವೆಲ್ಲ ಆ ಒಂಚೂರನ್ನು ಬಿಟ್ಟುಕೊಡುತ್ತವೆ. ಎರಡು ತುದಿಗಳನ್ನು ಒತ್ತಿ ಹಿಡಿಯುವ ಪ್ಲೇಟ್ ಬಿಟ್ಟುಕೊಡುವುದಿಲ್ಲ. ಅಲ್ಲಿ ಗಂಟೇ ಬೆಳೆಯದೆ ಮೂಳೆ ನೇರವಾಗಿ ಹೆಣೆದುಕೊಳ್ಳುತ್ತದೆ. ರಾಡ್ ಹಾಕಿಸಿಕೊಂಡವರ ಎಕ್ಸ್-ರೇಯಲ್ಲಿ ಉಂಡೆಯಂಥ ಗಂಟು ಕಂಡು, ಪ್ಲೇಟ್ ಹಾಕಿಸಿಕೊಂಡವರು ತಮಗೇಕೆ ಬಂದಿಲ್ಲ ಅಂತ ಗಾಬರಿಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬರದಿರುವುದೇ ಅಲ್ಲಿ ಸರಿ.

ಕೀಲಿನ ಕಥೆ ಬೇರೆ. ಮುರಿತ ಕೀಲಿನ ಮೇಲ್ಮೈವರೆಗೆ ಹೋಗಿದ್ದರೆ ಅಲ್ಲಿ ಮೆಟ್ಟಿಲು ಉಳಿಯಬಾರದು. ಉಳಿದರೆ ಎದುರಿನ ಮೃದ್ವಸ್ಥಿ ಬೇಗ ಸವೆಯುತ್ತದೆ. ಜೊತೆಗೆ ಕೀಲನ್ನು ಬಹಳ ದಿನ ಅಲುಗಾಡಿಸದೆ ಇಟ್ಟರೆ ಅದು ಬಿಗಿದುಕೊಳ್ಳುತ್ತದೆ. ಅಂದರೆ ತುಂಡುಗಳು ಕದಲಬಾರದು, ಕೀಲು ಮಾತ್ರ ಬೇಗ ಅಲುಗಾಡಬೇಕು. ಪ್ಲಾಸ್ಟರಿಗೆ ಈ ಎರಡನ್ನೂ ಒಟ್ಟಿಗೆ ಕೊಡಲು ಬರುವುದಿಲ್ಲ. ಕೀಲಿನೊಳಗಿನ ಮುರಿತ ಅಂದ ಕೂಡಲೇ ತಕ್ಕಡಿ ಆಪರೇಷನ್ ಕಡೆ ವಾಲುವುದು ಇದಕ್ಕೇ. ಉದ್ದ ಮೂಳೆಯ ನಡುಭಾಗಕ್ಕಾದರೆ ಉದ್ದ, ಕೋನ, ತಿರುಚು ಸರಿಯಿದ್ದರೆ ಸಾಕು, ತುಂಡುಗಳು ಮಿಲಿಮೀಟರ್ ಲೆಕ್ಕದಲ್ಲಿ ಕೂರಬೇಕೆಂದಿಲ್ಲ. ದೊಡ್ಡವರ ಮುಂಗೈಯ ಎರಡು ಮೂಳೆಗಳು ಮಾತ್ರ ಇದಕ್ಕೆ ಹೊರತು. ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವಾಗ ಒಂದು ಮೂಳೆ ಇನ್ನೊಂದರ ಸುತ್ತ ಹೊರಳುತ್ತದೆ, ಹಾಗಾಗಿ ಅವೆರಡೂ ಸೇರಿ ಒಂದು ಕೀಲಿದ್ದ ಹಾಗೆ. ಅಲ್ಲಿ ಪ್ಲೇಟೇ ರೂಢಿ.

ಮಕ್ಕಳಿಗೆ ಈ ಲೆಕ್ಕವೆಲ್ಲ ಸಡಿಲ. ಬೆಳೆಯುವ ಮೂಳೆ ಸೊಟ್ಟವನ್ನು ತಾನೇ ತಿದ್ದಿಕೊಳ್ಳುತ್ತದೆ, ತಿರುಚಿಕೊಂಡಿದ್ದನ್ನು ಮಾತ್ರ ಅಷ್ಟಾಗಿ ತಿದ್ದಲಾರದು. ಮಣಿಕಟ್ಟಿನ ಹತ್ತಿರ ಮೂಳೆ ಪೂರ್ತಿ ಮುರಿಯದೆ ಬರೀ ಉಬ್ಬಿದಂತಾಗುವ ಪೆಟ್ಟು ಮಕ್ಕಳಲ್ಲಿ ಸಾಮಾನ್ಯ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 965 ಮಕ್ಕಳಿಗೆ ಇಂಥ ಪೆಟ್ಟಿಗೆ ಒಂದೋ ಗಟ್ಟಿ ಪಟ್ಟಿ, ಇಲ್ಲವೇ ಬರೀ ಬಟ್ಟೆಯ ಬ್ಯಾಂಡೇಜ್ ಕೊಟ್ಟು ನೋಡಿದರು. ಮೂರು ದಿನದ ಹೊತ್ತಿಗೆ ನೋವು ಎರಡು ಗುಂಪಿನಲ್ಲೂ ಒಂದೇ.

ಹಿಡಿದಿಡುವ ಸಾಮಾನು

ಡಚ್ ಸೇನೆಯ ವೈದ್ಯ ಮ್ಯಾಥೈಸೆನ್ 1852ರಲ್ಲಿ ಬಟ್ಟೆಗೆ ಪ್ಲಾಸ್ಟರ್ ಪುಡಿ ಸವರಿ ಒದ್ದೆ ಮಾಡಿ ಸುತ್ತುವ ವಿಧಾನವನ್ನು ಪ್ರಕಟಿಸಿದರು. ಇವತ್ತಿನ ಪ್ಲಾಸ್ಟರ್ ಬಹುಪಾಲು ಅದೇ. ಅದರಲ್ಲಿ ಸೋಂಕಿನ ಭಯವಿಲ್ಲ, ಅರಿವಳಿಕೆಯ ಭಯವಿಲ್ಲ. ಬದಲಿಗೆ ಕೀಲಿನ ಬಿಗಿತ, ಸ್ನಾಯು ಕರಗುವುದು, ಒಳಗೆ ಮೂಳೆ ಮತ್ತೆ ಜಾರುವ ಸಾಧ್ಯತೆ ಇವೆ. ಬಾವು ಇಳಿದ ಮೇಲೆ ಪ್ಲಾಸ್ಟರ್ ಸಡಿಲವಾಗುತ್ತದೆ, ಮೂಳೆ ಜಾರುವುದು ಆಗಲೇ. ಒಂದು ವಾರ, ಎರಡು ವಾರಕ್ಕೆ ಮತ್ತೆ ಎಕ್ಸ್-ರೇ ತೆಗೆಸಿ ಅನ್ನುವುದನ್ನು ತಪ್ಪಿಸಬೇಡಿ.

ಮೂಳೆಯ ಪೊಳ್ಳಿನೊಳಗೆ ಉದ್ದಕ್ಕೆ ತೂರಿಸುವ ರಾಡನ್ನು 1939ರಲ್ಲಿ ಮೊದಲು ಮಾಡಿ ತೋರಿಸಿದವರು ಜರ್ಮನಿಯ ಗೆರ್ಹಾರ್ಡ್ ಕುಂಚರ್. ಅವರು ಕೆಲಸ ಮಾಡುತ್ತಿದ್ದ ಊರಿನ ಹೆಸರು ಕೀಲ್! ಕನ್ನಡದವರಿಗೆ ಮರೆಯಲು ಸಾಧ್ಯವೇ ಇಲ್ಲ. ರಾಡ್ ಭಾರ ಹೊರುವ ಅಕ್ಷದಲ್ಲೇ ಕೂರುವುದರಿಂದ ತೊಡೆಮೂಳೆ, ಮೊಣಕಾಲ ಕೆಳಗಿನ ಮೂಳೆ ಇವುಗಳ ನಡುಭಾಗ ಮುರಿದರೆ ದೊಡ್ಡವರಿಗೆ ಅದೇ ಮೊದಲ ಆಯ್ಕೆ. ಮುರಿದ ಜಾಗವನ್ನು ತೆರೆಯದೆ, ತುದಿಯಲ್ಲಿ ಸಣ್ಣ ಗಾಯ ಮಾಡಿ ತೂರಿಸುತ್ತಾರೆ. ಬೇಗ ಕಾಲೂರಬಹುದು. ಕೆಳಗಿನ ಕಾಲಿಗೆ ರಾಡ್ ಹಾಕಿಸಿಕೊಂಡವರು ಮಾತ್ರ ಒಂದು ವಿಷಯಕ್ಕೆ ಸಿದ್ಧರಿರಬೇಕು: ಮಂಡಿಯ ಮುಂಭಾಗದ ನೋವು. ಮೂಳೆ ಚೆನ್ನಾಗಿ ಕೂಡಿದ ಮೇಲೂ, ಮಂಡಿಯೂರಿ ಕೂತಾಗ ಅದು ಕಾಡುವುದುಂಟು.

ಪ್ಲೇಟ್, ಸ್ಕ್ರೂಗಳ ಶಾಸ್ತ್ರವನ್ನು ಕಟ್ಟಿ ಬೆಳೆಸಿದವರು 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೂಡಿದ ಎಓ ಗುಂಪಿನ ಸರ್ಜನ್ನರು. ಅವರ ಗುರಿ ಬರೀ ಮೂಳೆ ಕೂಡಿಸುವುದಾಗಿರಲಿಲ್ಲ. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿಟ್ಟ ಕೈಕಾಲು ಬಿಗಿದು ಬಾತು ನಿಷ್ಪ್ರಯೋಜಕವಾಗುವುದನ್ನು ತಪ್ಪಿಸಲು ಹೊರಟಿದ್ದರು ಅವರು. ಪ್ಲೇಟ್ ಹಾಕಿಸಿಕೊಂಡೂ ಆರು ವಾರ ಕೈ ಅಲುಗಾಡಿಸದೆ ಕೂತವರನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ. ಹಾಗೆ ಕೂತರೆ ಎರಡು ದಾರಿಗಳ ಕೆಡುಕೂ ಒಟ್ಟಿಗೆ ಬರುತ್ತದೆ.

ಹೊರಗಿನಿಂದ ಕಡ್ಡಿಗಳನ್ನು ತೂರಿಸಿ ಚೌಕಟ್ಟಿಗೆ ಬಿಗಿಯುವ ವಿಧಾನವನ್ನು ಹೆಚ್ಚಾಗಿ ಗಾಯ ತೆರೆದುಕೊಂಡಿರುವಾಗ, ಬಾವು ಇಳಿಯುವ ತನಕ ತಾತ್ಕಾಲಿಕವಾಗಿ ಬಳಸುತ್ತಾರೆ. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್‌ನಲ್ಲಿ ಇಲಿಜಾರೊವ್ ಬೆಳೆಸಿದ ಬಳೆಗಳ ಚೌಕಟ್ಟು ಮಾತ್ರ ಬೇರೆಯೇ ಲೋಕ. ಮೂಳೆ ಕಳೆದುಹೋದ ಜಾಗದಲ್ಲಿ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಹೊಸ ಮೂಳೆ ಎಳೆದು ಬೆಳೆಸಬಹುದು. ತಾಳ್ಮೆ ಬೇಕು, ಕಡ್ಡಿ ಹೊಕ್ಕ ಜಾಗವನ್ನು ದಿನವೂ ನೋಡಿಕೊಳ್ಳಬೇಕು.

ಮಣಿಕಟ್ಟು: ಮೂರು ದಾರಿ, ಒಂದೇ ಊರು

ಬೀಳುವಾಗ ಕೈಯೂರಿ ಮಣಿಕಟ್ಟಿನ ಮೇಲೆ ಮುರಿದುಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯ, ಆಯ್ಕೆಯ ಗೊಂದಲವೂ ಅಲ್ಲೇ ಹೆಚ್ಚು. ಎಳೆದು ಕೂರಿಸಿ ಪ್ಲಾಸ್ಟರ್ ಹಾಕಬಹುದು. ಎಳೆದು ಕೂರಿಸಿ, ಚರ್ಮದ ಮೂಲಕ ಎರಡು ಮೂರು ತಂತಿ ಚುಚ್ಚಿ ಆಮೇಲೆ ಪ್ಲಾಸ್ಟರ್ ಹಾಕಬಹುದು. ಇಲ್ಲವೇ ಅಂಗೈ ಕಡೆಯಿಂದ ತೆರೆದು, ಸ್ಕ್ರೂಗಳು ಪ್ಲೇಟಿಗೇ ಬಿಗಿದುಕೊಳ್ಳುವ ಲಾಕಿಂಗ್ ಪ್ಲೇಟ್ ಕೂರಿಸಬಹುದು.

2014ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ 461 ವಯಸ್ಕರಲ್ಲಿ ತಂತಿಯನ್ನೂ ಪ್ಲೇಟನ್ನೂ ಹೋಲಿಸಿತು. ವರ್ಷ ಕಳೆದಾಗ ನೋವಿನಲ್ಲಾಗಲಿ ಕೆಲಸ ಮಾಡುವ ಶಕ್ತಿಯಲ್ಲಾಗಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅದೇ ತಂಡದವರು 2022ರಲ್ಲಿ 500 ಜನರಲ್ಲಿ ತಂತಿಯನ್ನೂ ಬರೀ ಪ್ಲಾಸ್ಟರನ್ನೂ ಹೋಲಿಸಿದರು. ವರ್ಷದ ಕೊನೆಗೆ ಅಲ್ಲೂ ಸಮ. ಆದರೆ ಪ್ಲಾಸ್ಟರ್ ಗುಂಪಿನಲ್ಲಿ 13 ಶೇಕಡಾ ಜನರ ಮೂಳೆ ಮತ್ತೆ ಜಾರಿ, ಆರು ವಾರದೊಳಗೆ ಆಪರೇಷನ್ ಮಾಡಬೇಕಾಯಿತು. ಒಂದು ವಿಷಯ ಮರೆಯಬಾರದು: ಎರಡೂ ಅಧ್ಯಯನಗಳಲ್ಲಿದ್ದವರು ಹೊರಗಿನಿಂದ ಎಳೆದು ಕೂರಿಸಬಹುದಾದಂಥ ಮುರಿತದವರು. ಕೀಲಿನ ಮೇಲ್ಮೈ ಚೂರಾಗಿ, ಎಳೆದರೂ ಕೂರದಂಥವರಿಗೆ ಈ ಲೆಕ್ಕ ಅನ್ವಯಿಸದು.

ಹಾಗಾದರೆ ಆರಿಸುವುದು ಹೇಗೆ? ನನ್ನ ಕಣ್ಣಿಗೆ ಕಾಣುವುದು ಇಷ್ಟು. ಎಳೆದು ಕೂರಿಸಿದ ಮೇಲೆ ಎಕ್ಸ್-ರೇಯಲ್ಲಿ ಮೂಳೆ ಚೆನ್ನಾಗಿ ನಿಂತಿದ್ದರೆ, ವಾರವಾರ ತೋರಿಸಲು ಬರಬಲ್ಲಿರಾದರೆ, ಏಳೆಂಟು ಜನರಲ್ಲಿ ಒಬ್ಬರಿಗೆ ಮತ್ತೆ ಜಾರುವುದನ್ನು ಒಪ್ಪಿಕೊಂಡು ಪ್ಲಾಸ್ಟರಿನಲ್ಲೇ ಇರಬಹುದು. ಬೇಗ ಕೈ ಬಿಡುಗಡೆಯಾಗಲೇಬೇಕು ಅನ್ನುವವರಿಗೆ ಪ್ಲೇಟ್. ಅದರ ಜೊತೆ ಸ್ನಾಯುರಜ್ಜು ಪ್ಲೇಟಿಗೋ ಸ್ಕ್ರೂ ತುದಿಗೋ ಉಜ್ಜಿ ಸವೆಯುವ ಸಣ್ಣ ಅಪಾಯವೂ ಬರುತ್ತದೆ. ಹೆಬ್ಬೆರಳು ಅಥವಾ ತೋರುಬೆರಳು ಮಡಿಸುವಾಗ ಕಿರಕಿರ ಅಂದರೆ ವರ್ಷವಾಗಿದ್ದರೂ ಹೋಗಿ ತೋರಿಸಿ.

ಪ್ಲಾಸ್ಟರ್ ಬಿಚ್ಚುವ ದಿನದ ಕೈಯನ್ನು ಯಾರೂ ಮೊದಲೇ ವರ್ಣಿಸಿ ಹೇಳುವುದಿಲ್ಲ. ಚರ್ಮ ಹೊಟ್ಟಿನಂತೆ ಉದುರುತ್ತದೆ, ಕೂದಲು ಕಪ್ಪಾಗಿ ದಟ್ಟವಾಗಿರುತ್ತದೆ, ಮುಂಗೈ ಇನ್ನೊಂದರ ಮುಕ್ಕಾಲು ದಪ್ಪವಿರುತ್ತದೆ. ಮೊದಲ ಸಲ ಮಣಿಕಟ್ಟನ್ನು ಮಡಿಸಿ ಅಂದರೆ ಎಲ್ಲರೂ ಭುಜವನ್ನು ಎತ್ತುತ್ತಾರೆ! ಇದು ಸಹಜ, ಸರಿಹೋಗುತ್ತದೆ. ನನಗೆ ಹೆದರಿಕೆ ಹುಟ್ಟಿಸುವುದು ಬೆರಳುಗಳು. ಪ್ಲಾಸ್ಟರ್ ಅಂಗೈಯ ಗೆರೆಯವರೆಗಷ್ಟೇ ಇದ್ದು ಬೆರಳು ಪೂರ್ತಿ ಬಿಡುವಾಗಿರುತ್ತವೆ. ಆದರೂ ನೋವಿಗೆ ಹೆದರಿ ಆರು ವಾರ ಅವನ್ನು ಮಡಿಸದೆ ಬಂದವರ ಬೆರಳು ಮರದ ತುಂಡಿನಂತಿರುತ್ತವೆ. ಮಣಿಕಟ್ಟಿನ ಮೂಳೆ ಹೇಗೆ ಕೂಡಿದ್ದರೇನು, ಮುಷ್ಟಿ ಕಟ್ಟಲಾಗದ ಕೈ ಯಾವ ಕೆಲಸಕ್ಕೂ ಒದಗದು. ಮೊದಲ ದಿನದಿಂದಲೇ ಗಂಟೆಗೊಮ್ಮೆ ಪೂರ್ತಿ ಮುಷ್ಟಿ, ಪೂರ್ತಿ ಬಿಡಿಕೆ. ಪ್ಲೇಟೋ ಪ್ಲಾಸ್ಟರೋ ಅನ್ನುವುದಕ್ಕಿಂತ ಇದೇ ಹೆಚ್ಚು ಅನ್ನುವಷ್ಟರ ಮಟ್ಟಿಗೆ ನನಗೆ ಇದರ ಮೇಲೆ ನಂಬಿಕೆ. ಕೈ ಸುಟ್ಟಂತೆ ಉರಿ, ಹೊಳೆಯುವ ಚರ್ಮ, ಬಣ್ಣ ಬದಲಾಗುವುದು, ಮುಟ್ಟಿದರೆ ಸಹಿಸಲಾಗದಿರುವುದು ಕಂಡರೆ ಅದು ಬರೀ ಬಿಗಿತವಲ್ಲ, ನರಗಳ ಬೇರೊಂದು ತೊಂದರೆ. ಬೇಗ ಹಿಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಹೆಬ್ಬೆರಳ ಬುಡದ ಸ್ಕೇಫಾಯ್ಡ್ ಅನ್ನುವ ಸಣ್ಣ ಮೂಳೆಯ ಬಗ್ಗೆ ಎರಡು ಮಾತು. ಅದಕ್ಕೆ ರಕ್ತ ಬೆರಳ ಕಡೆಯಿಂದ ಹಿಮ್ಮುಖವಾಗಿ ಬರುತ್ತದೆ, ಆದ್ದರಿಂದ ಮುಂಗೈ ಕಡೆಯ ತುಂಡು ರಕ್ತ ಸಿಗದೆ ಸಾಯಬಹುದು. ಮೊದಲ ದಿನದ ಎಕ್ಸ್-ರೇಯಲ್ಲಿ ಮುರಿತ ಕಾಣದೇ ಇರಬಹುದು. ಹೆಚ್ಚು ಜರುಗದ ಮುರಿತಕ್ಕೆ ಸ್ಕ್ರೂ ಹಾಕುವುದನ್ನೂ ಪ್ಲಾಸ್ಟರನ್ನೂ 439 ಜನರಲ್ಲಿ ಹೋಲಿಸಿದ 2020ರ ಅಧ್ಯಯನದಲ್ಲಿ ವರ್ಷದ ಕೊನೆಗೆ ಎರಡೂ ಸಮವಾದವು. ಪ್ಲಾಸ್ಟರ್ ಆರಿಸುವವರಿಗೆ ಅಲ್ಲಿ ಒಂದು ಷರತ್ತಿತ್ತು: ಕೂಡುತ್ತಿಲ್ಲ ಅಂತ ಖಚಿತವಾದರೆ ತಡಮಾಡದೆ ಆಪರೇಷನ್.

ಭುಜ, ಕೊರಳೆಲುಬು

ವಯಸ್ಸಾದವರ ತೋಳಿನ ಮೇಲ್ತುದಿ ಭುಜದ ಹತ್ತಿರ ಮುರಿದಾಗ ಎಕ್ಸ್-ರೇ ನೋಡಿದರೆ ಯಾರಿಗಾದರೂ ಭಯವಾಗುತ್ತದೆ. ಹೀಗೆ ಜರುಗಿದ ಮುರಿತದ 250 ಜನರನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಬಂತು. ಆಪರೇಷನ್ ಆದವರಿಗೂ ಬರೀ ಸ್ಲಿಂಗ್ ಹಾಕಿಕೊಂಡವರಿಗೂ ಕೊನೆಯಲ್ಲಿ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ನಾನು ನೇರವಾಗಿ ಸ್ಲಿಂಗ್ ಪಕ್ಷ. ಕೀಲು ತಪ್ಪಿಲ್ಲದಿದ್ದರೆ, ತೋಳುಮೂಳೆಯ ದುಂಡು ತಲೆ ಒಡೆದು ಹೋಳಾಗಿಲ್ಲದಿದ್ದರೆ, ಆಪರೇಷನ್ ಬೇಕೇಬೇಕು ಅನ್ನುವ ಮಾತಿಗೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಕೈ ಮೊದಲಿನಷ್ಟು ಮೇಲೆ ಹೋಗದಿರಬಹುದು, ಆದರೆ ಅದು ಎರಡೂ ದಾರಿಯಲ್ಲಿ ಆಗುವಂಥದ್ದೇ.

ಕೊರಳೆಲುಬಿನ ಲೆಕ್ಕ ಇಷ್ಟು ಸರಳವಿಲ್ಲ. ಪೂರ್ತಿ ಜರುಗಿದ ನಡುಭಾಗದ ಮುರಿತಕ್ಕೆ ಪ್ಲೇಟನ್ನೂ ಸ್ಲಿಂಗನ್ನೂ ಹೋಲಿಸಿದ 2007ರ ಕೆನಡಾದ ಅಧ್ಯಯನದಲ್ಲಿ ಪ್ಲೇಟ್ ಹಾಕಿದ 62 ಜನರಲ್ಲಿ 2 ಮಂದಿಗೆ, ಸ್ಲಿಂಗ್‌ನ 49 ಜನರಲ್ಲಿ 7 ಮಂದಿಗೆ ಮೂಳೆ ಕೂಡಲಿಲ್ಲ. ಅಂದರೆ ಒಬ್ಬರಿಗೆ ಕೂಡದೇ ಉಳಿಯುವುದನ್ನು ತಪ್ಪಿಸಲು ಎಂಟೊಂಬತ್ತು ಜನರಿಗೆ ಪ್ಲೇಟ್ ಹಾಕಬೇಕು. ಉಳಿದವರು ಪ್ಲೇಟಿಲ್ಲದೆಯೂ ಕೂಡಿಕೊಳ್ಳುತ್ತಿದ್ದರು, ಆದರೆ ಯಾರು ಅಂತ ಮೊದಲೇ ಹೇಳಲು ಬರುವುದಿಲ್ಲ. ಚರ್ಮದ ಕೆಳಗೇ ಕೂರುವ ಪ್ಲೇಟ್, ಚೀಲದ ಪಟ್ಟಿ ತಾಗಿದರೆ ನೋಯುತ್ತದೆ. ಗಾಯದ ಕೆಳಗೆ ಎದೆಯ ಮೇಲ್ಭಾಗ ಜೋಮು ಹಿಡಿದಂತಿರುತ್ತದೆ. ತೋಳು ತಲೆಯ ಮೇಲೆತ್ತಿ ಕೆಲಸ ಮಾಡುವ, ಆಡುವ ಯುವಕರು ಪ್ಲೇಟ್ ಕಡೆ ವಾಲಿದರೆ ನಾನು ತಡೆಯುವುದಿಲ್ಲ. ಧೂಮಪಾನಿಗಳಿಗೆ ಮೂಳೆ ಕೂಡದಿರುವ ಅಪಾಯ ಹೆಚ್ಚು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ವಯಸ್ಸಾದವರ ಸೊಂಟ: ಪ್ರಶ್ನೆಯೇ ಬೇರೆ

‘ಈ ವಯಸ್ಸಲ್ಲಿ ಆಪರೇಷನ್ ತಡೆದುಕೊಳ್ಳುತ್ತಾರಾ?’ ಮಕ್ಕಳು ಕೇಳುವ ಮೊದಲ ಮಾತು ಇದೇ. ಈ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಈ ವಯಸ್ಸಲ್ಲಿ ಮೂರು ತಿಂಗಳು ಹಾಸಿಗೆಯಲ್ಲಿ ಮಲಗುವುದನ್ನು ತಡೆದುಕೊಳ್ಳುತ್ತಾರಾ? ಮಲಗಿದ ವೃದ್ಧರನ್ನು ಕೊಲ್ಲುವುದು ಮುರಿದ ಮೂಳೆಯಲ್ಲ. ನ್ಯುಮೋನಿಯ, ಬೆನ್ನಿನ ಹುಣ್ಣು, ಕಾಲಿನಲ್ಲಿ ಕಟ್ಟಿ ಶ್ವಾಸಕೋಶಕ್ಕೆ ಹೋಗುವ ರಕ್ತದ ಗಡ್ಡೆ. ಇಲ್ಲಿ ಆಪರೇಷನ್ ಮಾಡುವುದು ಮೂಳೆಗಾಗಿ ಅನ್ನುವುದಕ್ಕಿಂತ ಮನುಷ್ಯರನ್ನು ಮರುದಿನ ಎಬ್ಬಿಸಿ ಕೂರಿಸುವುದಕ್ಕಾಗಿ. ಆದ್ದರಿಂದ ಇಲ್ಲಿನ ನಿಜವಾದ ಆಯ್ಕೆ ಯಾವ ಆಪರೇಷನ್, ಎಷ್ಟು ಬೇಗ ಅನ್ನುವುದು.

ಯಾವುದು ಅನ್ನುವುದು ಮುರಿದ ಜಾಗದ ಮೇಲೆ ನಿಂತಿದೆ. ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ಬಹುಪಾಲು ಕುತ್ತಿಗೆಯ ಗುಂಟ. ಕುತ್ತಿಗೆ ಮುರಿದು ಜರುಗಿದರೆ ಆ ರಕ್ತನಾಳಗಳು ಹರಿದು ತಲೆ ಸಾಯಬಹುದು. ಹಾಗಾಗಿ ವೃದ್ಧರಲ್ಲಿ ತಲೆಯನ್ನೇ ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಚಿಕ್ಕ ವಯಸ್ಸಿನವರಲ್ಲಿ ಮಾತ್ರ, ಅಪಾಯ ಗೊತ್ತಿದ್ದೂ, ಸ್ಕ್ರೂ ಹಾಕಿ ಸ್ವಂತ ತಲೆಯನ್ನು ಉಳಿಸಲು ನೋಡುತ್ತಾರೆ. ಮುರಿತ ಕುತ್ತಿಗೆಗಿಂತ ಕೆಳಗಿದ್ದರೆ ಅಲ್ಲಿ ರಕ್ತಕ್ಕೆ ಕೊರತೆಯಿಲ್ಲ. ಜಾರುವ ಸ್ಕ್ರೂ ಜೊತೆಗಿನ ಪ್ಲೇಟ್ ಅಥವಾ ಗಿಡ್ಡ ರಾಡ್ ಸಾಕು. ಇಬ್ಬರು ಅಜ್ಜಿಯರು ‘ಸೊಂಟ ಮುರಿದುಕೊಂಡು’ ಅಕ್ಕಪಕ್ಕದ ಹಾಸಿಗೆಯಲ್ಲಿದ್ದರೂ ಇಬ್ಬರಿಗೂ ಬೇರೆ ಬೇರೆ ಆಪರೇಷನ್ ಆಗುವುದು ಇದಕ್ಕೆ. ಪಕ್ಕದವರಿಗೆ ಬದಲಿ ಕೀಲು ಹಾಕಿ ನಮಗೆ ಬರೀ ರಾಡ್ ಹಾಕಿದರು ಅಂತ ಸಂಶಯ ಪಡಬೇಕಾಗಿಲ್ಲ.

ಬದಲಿಸುವಾಗಲೂ ಎರಡು ಬಗೆ: ತಲೆ ಮಾತ್ರ ಬದಲಿಸುವ ಅರ್ಧ ಕೀಲು, ಗುಳಿಯನ್ನೂ ಬದಲಿಸುವ ಪೂರ್ತಿ ಕೀಲು. ಪೂರ್ತಿಯದ್ದೇ ಮೇಲು ಅಂತ ತೋರುವುದು ಸಹಜ. 2019ರಲ್ಲಿ 10 ದೇಶಗಳ 1,495 ರೋಗಿಗಳ ಅಧ್ಯಯನ ಬಂತು. ಎರಡು ವರ್ಷದಲ್ಲಿ ಮತ್ತೆ ಆಪರೇಷನ್ ಬೇಕಾದವರು ಪೂರ್ತಿ ಕೀಲಿನವರಲ್ಲಿ 7.9 ಶೇಕಡಾ, ಅರ್ಧ ಕೀಲಿನವರಲ್ಲಿ 8.3 ಶೇಕಡಾ. ಪೂರ್ತಿ ಕೀಲಿನವರ ಓಡಾಟ ಒಂದು ಕೂದಲಷ್ಟು ಮೇಲು. ಆದರೆ ಕೀಲು ತಪ್ಪುವ ತೊಂದರೆ ಅವರಲ್ಲಿ ಸುಮಾರು ಇಮ್ಮಡಿ, 4.7ಕ್ಕೆ ಎದುರು 2.4. ದಿನವೂ ದೂರ ನಡೆಯುವ ಗಟ್ಟಿಮುಟ್ಟಾದ ಅರವತ್ತೈದರವರಿಗೆ ಪೂರ್ತಿ ಕೀಲು ಒಪ್ಪುತ್ತದೆ. ಮರೆವಿನ ಕಾಯಿಲೆಯಿದ್ದು, ಹೀಗೆ ಕೂರಬೇಡಿ ಹಾಗೆ ಬಾಗಬೇಡಿ ಅನ್ನುವುದನ್ನು ನೆನಪಿಡಲಾಗದವರಿಗೆ ಅರ್ಧ ಕೀಲೇ ಕ್ಷೇಮ.

ಬದಲಿ ಕೀಲನ್ನು ಮೂಳೆಯಲ್ಲಿ ಹಿಡಿಸಲು ಸಿಮೆಂಟ್ ಬೇಕೇ ಬೇಡವೇ ಅನ್ನುವುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. 2022ರ ಅಧ್ಯಯನವೊಂದರಲ್ಲಿ ಅರ್ಧ ಕೀಲನ್ನು ಸಿಮೆಂಟ್ ಹಾಕಿ ಕೂರಿಸಿದವರ ಬದುಕಿನ ಗುಣಮಟ್ಟ ನಾಲ್ಕು ತಿಂಗಳಲ್ಲಿ ಸ್ವಲ್ಪ ಮೇಲಿತ್ತು. ಕೀಲಿನ ಸುತ್ತ ಮತ್ತೆ ಮುರಿಯುವುದು 0.5 ಶೇಕಡಾ ಇತ್ತು, ಸಿಮೆಂಟಿಲ್ಲದವರಲ್ಲಿ 2.1. ಟೊಳ್ಳಾದ ಮೂಳೆಗೆ ಸಿಮೆಂಟ್ ಒಳ್ಳೆಯದೆಂಬುದು ಸರ್ಜನ್ನರಲ್ಲೂ ಈಗ ಹೆಚ್ಚುಕಡಿಮೆ ಒಪ್ಪಿತ.

ಎಷ್ಟು ಬೇಗ? ಬ್ರಿಟನ್ನಿನ ಮಾರ್ಗಸೂಚಿ ಆಸ್ಪತ್ರೆಗೆ ಬಂದ ದಿನ ಅಥವಾ ಮರುದಿನ ಅನ್ನುತ್ತದೆ. ಆರು ಗಂಟೆಯೊಳಗೆ ಮಾಡಿದರೆ ಇನ್ನೂ ಒಳ್ಳೆಯದೇ ಎಂದು 2,970 ಜನರಲ್ಲಿ ನೋಡಿದ 2020ರ ಅಧ್ಯಯನದಲ್ಲಿ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಬುದ್ಧಿ ಕಲಸಿ ಬಡಬಡಿಸುವುದು ಕಡಿಮೆಯಾಯಿತು, ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ನಾನಂತೂ ಅಷ್ಟು ಸಿಕ್ಕರೂ ಸಾಕು ಅನ್ನುವವನು.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಆಪರೇಷನ್ ಚೆನ್ನಾಗಿ ಆದರೂ ಕೋಲಿಲ್ಲದೆ ನಡೆಯುತ್ತಿದ್ದವರು ಕೋಲು ಹಿಡಿಯಬಹುದು, ಕೋಲಿನವರು ವಾಕರಿಗೆ ಬರಬಹುದು. ಸೊಂಟ ಮುರಿದುಕೊಂಡವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಂದ ನಾಲ್ವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಹೆಚ್ಚಿನವರು ಮೊದಲೇ ಇದ್ದ ಕಾಯಿಲೆಗಳಿಂದ. ಬದುಕಿದವರಲ್ಲಿ ಬಹಳಷ್ಟು ಮಂದಿ ಟೊಳ್ಳು ಮೂಳೆಗೆ ಔಷಧಿಯನ್ನೇ ಶುರುಮಾಡದೆ ಮನೆಗೆ ಹೋಗುತ್ತಾರೆ, ಅವರಲ್ಲಿ ಕೆಲವರು ಇನ್ನೊಂದು ಸೊಂಟ ಮುರಿದುಕೊಂಡು ಬರುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ ಔಷಧಿ ಇಲ್ಲದಿದ್ದರೆ ಕೇಳಿ.

ಪಾದದ ಗಂಟು

ಆಂಕಲ್ ಮುರಿದಾಗ ನೋಡಬೇಕಾದ್ದು ಎಷ್ಟು ಕಡೆ ಮುರಿದಿದೆ ಅನ್ನುವುದಕ್ಕಿಂತ ಕೀಲು ತನ್ನ ಜಾಗದಲ್ಲಿ ನಿಂತಿದೆಯೇ ಅನ್ನುವುದನ್ನು. ಹೊರಗಡೆಯ ಮೂಳೆ ಮಾತ್ರ ಮುರಿದು ಕೀಲು ಸ್ಥಿರವಾಗಿದ್ದರೆ ಬೂಟಿನಂಥ ಪಟ್ಟಿಯಲ್ಲಿ ನಡೆದಾಡುತ್ತಲೇ ವಾಸಿಯಾಗುತ್ತದೆ. ಕೀಲು ಜರುಗಿದ್ದರೆ ಯುವಕರಿಗೆ ಪ್ಲೇಟ್ ಹಾಕುವುದು ರೂಢಿ. ಅರವತ್ತು ದಾಟಿದ 620 ಜನರಲ್ಲಿ, ಅರಿವಳಿಕೆ ಕೊಟ್ಟು ಕಾಲಿಗೆ ಅಂಟಿದಂತೆ ಅಚ್ಚುಕಟ್ಟಾಗಿ ಹಾಕುವ ಪ್ಲಾಸ್ಟರನ್ನು ಆಪರೇಷನ್ ಜೊತೆ ಹೋಲಿಸಿದರು. ಫಲಿತಾಂಶ 2016ರಲ್ಲಿ ಬಂತು. ಆರು ತಿಂಗಳಲ್ಲಿ ಎರಡೂ ಸಮ. ಗಾಯ ಬಿಚ್ಚುವುದು, ಸೋಂಕು ಇವು ಆಪರೇಷನ್ ಆದವರಲ್ಲಿ 10 ಶೇಕಡಾ, ಪ್ಲಾಸ್ಟರಿನವರಲ್ಲಿ 1. ಸೊಟ್ಟಗೆ ಕೂಡಿದ್ದು ಪ್ಲಾಸ್ಟರಿನವರಲ್ಲಿ 15, ಆಪರೇಷನ್ ಆದವರಲ್ಲಿ 3. ಸಕ್ಕರೆ ಕಾಯಿಲೆಯಿದ್ದು ಪಾದದ ಚರ್ಮ ತೆಳುವಾಗಿದ್ದವರಿಗೆ ಮೊದಲನೆಯ ಜೋಡಿ ಅಂಕಿ ಮುಖ್ಯ. ಇನ್ನೂ ಇಪ್ಪತ್ತು ವರ್ಷ ಬೆಟ್ಟ ಹತ್ತುವವರಿಗೆ ಎರಡನೆಯದು.

ಮಂಡಿ: ಅವಸರ ಬೇಡವಾದ ಜಾಗ

ಆಡುವಾಗ ಮಂಡಿ ತಿರುಚಿ ‘ಟಪ್’ ಅಂದ ಸದ್ದು, ಗಂಟೆಯೊಳಗೆ ಬಾವು. ಎಂಆರ್‌ಐ ವರದಿಯಲ್ಲಿ ಎಸಿಎಲ್ (ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ) ಪೂರ್ತಿ ಹರಿದಿದೆ ಅಂತ ಬರುತ್ತದೆ, ಮರುವಾರವೇ ಆಪರೇಷನ್ ತಾರೀಖು ಕೇಳುತ್ತಾರೆ. ನಾನು ತಡೆಯುವುದು ಇಲ್ಲೇ.

18ರಿಂದ 35 ವಯಸ್ಸಿನ, ಆಟವಾಡುವ 121 ಜನರ ಸ್ವೀಡನ್ನಿನ ಅಧ್ಯಯನ 2010ರಲ್ಲಿ ಬಂತು. ಅರ್ಧ ಜನರಿಗೆ ಬೇಗ ಹೊಸ ಲಿಗಮೆಂಟ್ ಕಟ್ಟಿದರು. ಉಳಿದವರಿಗೆ ಮೊದಲು ವ್ಯಾಯಾಮ, ಮಂಡಿ ಕೈಕೊಟ್ಟರೆ ಮಾತ್ರ ಆಪರೇಷನ್. ಎರಡು ವರ್ಷದಲ್ಲಿ ಎರಡೂ ಗುಂಪಿನ ಮಂಡಿ ಸಮನಾಗಿತ್ತು. ಎರಡನೆಯ ಗುಂಪಿನ 59ರಲ್ಲಿ 23 ಜನ ಮಾತ್ರ ಅಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಐದು ವರ್ಷಕ್ಕೆ ಅದು ಅರ್ಧಕ್ಕೇರಿತು. ಆದರೆ ಹಳೆಯ ಪೆಟ್ಟಿನಿಂದ ಮಂಡಿ ಈಗಾಗಲೇ ಪದೇ ಪದೇ ಜಾರುತ್ತಿರುವ 316 ಜನರ 2022ರ ಅಧ್ಯಯನದಲ್ಲಿ ತಕ್ಕಡಿ ಆಪರೇಷನ್ ಕಡೆ ವಾಲಿತು. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಸ್ಪಷ್ಟ: ಹೊಸ ಪೆಟ್ಟಾದರೆ ಮೂರು ತಿಂಗಳು ಗಂಭೀರವಾಗಿ ವ್ಯಾಯಾಮ ಮಾಡಿ ನೋಡಿ, ಆಮೇಲೂ ಜಾರಿದರೆ ಕಾಯುತ್ತ ಕೂರಬೇಡಿ, ಪ್ರತಿ ಜಾರಾಟವೂ ಒಳಗಿನ ಮೆನಿಸ್ಕಸ್ ಅನ್ನು, ಅಂದರೆ ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿಯನ್ನು, ಹರಿಯಬಹುದು. ಥಟ್ಟನೆ ದಿಕ್ಕು ಬದಲಿಸುವ ಆಟದವರು, ಜೊತೆಗೆ ಹೊಲಿಯಬಹುದಾದಂಥ ಮೆನಿಸ್ಕಸ್ ಹರಿದವರು ಮೊದಲೇ ಆಪರೇಷನ್ ಆರಿಸುವುದು ಸರಿಯೇ.

ಆಪರೇಷನ್ ಯಾವಾಗಲಾದರೂ ಆಗಲಿ, ಅದಕ್ಕೆ ಮೊದಲು ಮಂಡಿ ನೇರವಾಗಬೇಕು. ನಾನು ಹೀಗೆ ನೋಡುತ್ತೇನೆ: ಮಲಗಿಸಿ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಡುತ್ತೇನೆ. ಒಳ್ಳೆಯ ಕಾಲಿನ ಮಂಡಿ ಕೆಳಗಿಳಿದು ನೇರವಾಗುತ್ತದೆ, ಒಂಚೂರು ಹಿಂದಕ್ಕೂ ಬಾಗುತ್ತದೆ. ಪೆಟ್ಟಾದದ್ದು ಬಿಲ್ಲಿನಂತೆ ಎತ್ತಿಕೊಂಡೇ ನಿಲ್ಲುತ್ತದೆ. ಎರಡರ ನಡುವೆ ಎರಡು ಬೆರಳು ಅಗಲದ ವ್ಯತ್ಯಾಸವಿದ್ದರೂ ನಡೆಯುವಾಗ ಕುಂಟು ಕಾಣುತ್ತದೆ. ಬಾವಿರುವ, ಬಾಗಿದ ಮಂಡಿಗೆ ಆಪರೇಷನ್ ಮಾಡಿದರೆ ಆ ಬಿಗಿತವನ್ನು ಬಿಡಿಸಲು ನಾವಿಬ್ಬರೂ ತಿಂಗಳುಗಟ್ಟಲೆ ಬೆವರಬೇಕು.

ಹೊಸ ಲಿಗಮೆಂಟಿಗೆ ಎಳೆ ಎಲ್ಲಿಂದ ತೆಗೆಯುವುದು? ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ರಜ್ಜಿನಿಂದ ತೆಗೆದರೆ ಮಂಡಿಯ ಮುಂಭಾಗ ನೋಯುವುದು ಕಡಿಮೆ. ಮಂಡಿಚಿಪ್ಪಿನ ಕೆಳಗಿನ ರಜ್ಜನ್ನು ಎರಡು ತುದಿಯ ಮೂಳೆ ಚೂರಿನ ಸಮೇತ ತೆಗೆದರೆ ಗಟ್ಟಿ, ಮತ್ತೆ ಹರಿಯುವುದು ತುಸು ಕಡಿಮೆ, ಮಂಡಿಯೂರಿದಾಗ ನೋವು ಹೆಚ್ಚು. ಬೇರೊಬ್ಬ ದಾನಿಯ ರಜ್ಜು ಯುವ ಆಟಗಾರರಿಗೆ ನನ್ನ ಮಟ್ಟಿಗೆ ಬೇಡ, ಹರಿಯುವುದು ಜಾಸ್ತಿ.

ಇದರಲ್ಲೊಂದು ಮೋಸ ಇದೆ. ಕಸಿ ಮಾಡಿದ ಎಳೆ ಮೊದಲು ಸತ್ತು, ಆಮೇಲೆ ಹೊಸ ರಕ್ತನಾಳ ಬೆಳೆದು ನಿಧಾನವಾಗಿ ಲಿಗಮೆಂಟಾಗಿ ಬದಲಾಗುತ್ತದೆ. ಅದು ಎಲ್ಲಕ್ಕಿಂತ ದುರ್ಬಲವಾಗಿರುವುದು ಎರಡು ಮೂರನೇ ತಿಂಗಳಿನ ಸುಮಾರಿಗೆ. ಬಾವು ಇಳಿದು, ನೋವು ಹೋಗಿ, ಓಡಿಬಿಡೋಣ ಅನ್ನಿಸುವುದೂ ಅದೇ ಹೊತ್ತಿಗೆ! 2016ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ತಡಮಾಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು.

ನಡುವಯಸ್ಸಿನವರ ಮೆನಿಸ್ಕಸ್ ಸವೆದು ಹರಿದದ್ದಕ್ಕೆ ದುರ್ಬೀನು ಹಾಕಿ ಕತ್ತರಿಸುವ ಆಪರೇಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಿನ್ಲೆಂಡಿನಲ್ಲಿ 35ರಿಂದ 65 ವಯಸ್ಸಿನ 146 ಜನರಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಆಪರೇಷನ್, ಉಳಿದವರಿಗೆ ಬರೀ ಗಾಯ ಮಾಡಿ ಆಪರೇಷನ್ ನಟನೆ ಮಾಡಿದರು. ವರ್ಷದ ನಂತರ ಇಬ್ಬರೂ ಒಂದೇ. ಹರಿದ ಚೂರು ಸಿಕ್ಕಿಹಾಕಿಕೊಂಡು ಮಂಡಿ ಲಾಕ್ ಆಗಿ ನೇರವಾಗುವುದೇ ಇಲ್ಲ ಅನ್ನುವವರದು ಬೇರೆ ಮಾತು, ಅವರಿಗೆ ಆಪರೇಷನ್ ಬೇಕು.

ಸಹಿ ಹಾಕುವ ಮೊದಲು

ಸರ್ಜನ್ ಮುಂದೆ ಕೂತಾಗ ‘ಆಪರೇಷನ್ ಮಾಡಿಸಬೇಕಾ ಸರ್?’ ಅಂತ ಕೇಳಿದರೆ ಹೌದು ಅಥವಾ ಇಲ್ಲ ಅಷ್ಟೇ ಸಿಗುತ್ತದೆ. ಮಾಡಿಸದಿದ್ದರೆ ವರ್ಷದ ನಂತರ ಈ ಕೈಯಿಂದ ನನಗೆ ಏನು ಮಾಡಲಾಗುವುದಿಲ್ಲ ಅಂತ ಕೇಳಿ. ಈಗ ಪ್ಲಾಸ್ಟರ್ ಹಾಕಿ, ಎರಡು ವಾರದ ಮೇಲೆ ಮನಸ್ಸು ಬದಲಿಸಿದರೆ ಆಗಲೂ ಆಪರೇಷನ್ ಆಗುತ್ತದೆಯೇ, ಕಷ್ಟವಾಗುತ್ತದೆಯೇ ಅಂತ ಕೇಳಿ. ಯಾವ ದಿನದಿಂದ ಎಷ್ಟು ಭಾರ ಹಾಕಬಹುದು, ಯಾವ ಕೀಲನ್ನು ಎಷ್ಟು ಮಡಿಸಬಹುದು ಅನ್ನುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ‘ಸ್ವಲ್ಪ ಸ್ವಲ್ಪ ನಡೆಯಿರಿ’ ಅನ್ನುವ ಮಾತನ್ನು ಹಿಡಿದು ನನ್ನ ಹತ್ತಿರ ಬಂದವರಲ್ಲಿ ಒಬ್ಬರು ದಿನಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದರು, ಇನ್ನೊಬ್ಬರು ಮೂರು ಮಹಡಿ ಹತ್ತಿದ್ದರು.

ಕೊನೆಗೆ ಎಲ್ಲರೂ ಕೇಳುವುದು: ಪ್ಲೇಟ್ ತೆಗೆಸಬೇಕಾ? ತೊಂದರೆ ಕೊಡದಿದ್ದರೆ ದೊಡ್ಡವರಿಗೆ ಸಾಮಾನ್ಯವಾಗಿ ಬೇಡ. ತುರಿಕೆ, ಚಳಿಗೆ ನೋವು ಅನ್ನುವ ಕಾರಣಕ್ಕೆ ತೆಗೆಸಿದರೆ ನೋವು ಹೋಗುವ ಭರವಸೆಯಿಲ್ಲ. ಮುಂಗೈಯ ಪ್ಲೇಟನ್ನು ತೆಗೆಯುವಾಗ ನರಕ್ಕೆ ಪೆಟ್ಟಾಗುವ ಅಪಾಯವೂ ಇದೆ. ತೆಗೆಸಲೇಬೇಕಾದರೆ ಮೂಳೆ ಪೂರ್ತಿ ಗಟ್ಟಿಯಾಗುವ ತನಕ ಕಾಯಬೇಕು, ಸಾಮಾನ್ಯವಾಗಿ ವರ್ಷಕ್ಕಿಂತ ಮೇಲೆ. ತೆಗೆದ ಮೇಲೆ ಸ್ಕ್ರೂ ಇದ್ದ ಜಾಗದಲ್ಲಿ ತೂತುಗಳು ಉಳಿಯುತ್ತವೆ. ಅವು ತುಂಬಿಕೊಳ್ಳುವ ತನಕ ಮೂಳೆ ಅಲ್ಲೇ ಮತ್ತೆ ಮುರಿಯಬಹುದು. ಹೊಲಿಗೆ ಬಿಚ್ಚಿದ ಕೂಡಲೇ ಎಲ್ಲ ಮುಗಿಯಿತು ಅಂತ ಭಾರ ಎತ್ತಲು ಹೋಗಬೇಡಿ, ಮುಂಗೈಗೆ ಇನ್ನೊಂದೆರಡು ತಿಂಗಳು ಬಿಡುವು ಕೊಡಿ.